ಹುಳು ಮನೆಯಲ್ಲಿ ಡೂಮ್: ಶಿಡ್ಲಘಟ್ಟದ ಕಡೆ ಒಂದು ಸ್ಟೋನರ್-ಡೂಮ್ ಆಲ್ಬಮ್ ರೆಕಾರ್ಡ್ ಮಾಡುವ ಬಗೆ

ನಿಧಾನ ವೇಗದ, ತಗ್ಗಿನ ಶ್ರುತಿಯ ಭಾರೀ ರಾಕ್ ಸಂಗೀತವಾದ ಸ್ಟೋನರ್-ಡೂಮ್‌ಗೆ ಕೈ ಹಾಕುವ ಹೊಸ ತಂಡಗಳೆಲ್ಲ ಮೊದಲು ಎಡವುವುದು ಒಂದೇ ಕಡೆ. ಭಾರ ಬೇಕು ಅಂತ ಫಜ್ ಪೆಡಲ್‌ನ (ಗಿಟಾರ್ ಸದ್ದನ್ನು ಒಡೆದು ದಪ್ಪ ಮಾಡುವ ಕಾಲುಪೆಟ್ಟಿಗೆ) ಗೇನ್ ಗುಂಡಿಯನ್ನು ಕೊನೆವರೆಗೂ ತಿರುಗಿಸುತ್ತಾರೆ. ಕೋಣೆಯಲ್ಲಿ ನಿಂತು ಕೇಳುವಾಗ ಎದೆ ನಡುಗುತ್ತದೆ, ರೆಕಾರ್ಡ್ ಮಾಡಿ ಕೇಳಿದರೆ ಡಬ್ಬಿಯೊಳಗೆ ಸೊಳ್ಳೆ ಸಿಕ್ಕಿಕೊಂಡ ಹಾಗಿರುತ್ತದೆ. ಈ ಸಂಗೀತದ ತೂಕ ಗೇನ್‌ನಲ್ಲಿಲ್ಲ. ಎರಡು ಪೆಟ್ಟಿನ ನಡುವೆ ಬಿಟ್ಟ ಜಾಗದಲ್ಲಿದೆ, ಆ ಜಾಗ ತುಂಬುವ ಕೋಣೆಯ ಮೊಳಗಿನಲ್ಲಿದೆ. ಹಾಗಾಗಿ ಪೆಡಲ್ ಕೊಳ್ಳುವ ಮುಂಚೆ ಕಟ್ಟಡ ಹುಡುಕಿ.

ಕಟ್ಟಡದ ಮಟ್ಟಿಗೆ ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಯವರು ಪುಣ್ಯವಂತರು. ಶಿಡ್ಲಘಟ್ಟ, ಚಿಂತಾಮಣಿ ಸುತ್ತ ಊರೂರಲ್ಲೂ ರೇಷ್ಮೆ ಹುಳು ಮನೆಗಳಿವೆ. ಉದ್ದ, ಎತ್ತರ, ಊರಿಂದ ಸ್ವಲ್ಪ ದೂರ, ಸುತ್ತ ಹಿಪ್ಪುನೇರಳೆ ತೋಟ. ಬೆಂಗಳೂರಿನಲ್ಲಿ ಇಷ್ಟು ದೊಡ್ಡ ಕೋಣೆಯನ್ನು ಡ್ರಮ್ಸ್‌ಗೆಂದು ಬಾಡಿಗೆಗೆ ಹಿಡಿಯುವುದು ಸಣ್ಣ ತಂಡದ ಕೈಲಾಗದ ಮಾತು.

ಹುಳು ಮನೆ ಕೇಳುವ ಕ್ರಮ

ಎರಡು ಬೆಳೆಯ ನಡುವೆ ಮನೆ ಖಾಲಿ ಇರುತ್ತದೆ. ಚಾಕಿ ಹುಳು (ಮರಿ ಹುಳು) ತಂದ ದಿನದಿಂದ ಗೂಡು ಬಿಡಿಸುವವರೆಗೆ ಸುಮಾರು ಮೂರೂವರೆ ವಾರ, ಅದಾದ ಮೇಲೆ ಸೊಪ್ಪು ಮತ್ತೆ ಬೆಳೆಯುವ ತನಕ ಬಿಡುವು. ಕೇಳಬೇಕಾದ್ದು ಆ ಬಿಡುವಿನ ನಾಲ್ಕೈದು ದಿನವನ್ನು. ನೇರವಾಗಿ ಕೇಳಿ: "ಅಣ್ಣಾ, ಈ ಸಲ ಗೂಡು ಬಿಡಿಸಿದ ಮೇಲೆ, ಔಷಧಿ ಹೊಡೆಯೋಕೆ ಮುಂಚೆ, ಒಂದು ನಾಲ್ಕು ದಿನ ಮನೆ ಸಿಗ್ತದಾ?" ಔಷಧಿಗೆ ಮುಂಚೆ ಅನ್ನುವುದನ್ನು ಮರೆಯಬೇಡಿ. ಬ್ಲೀಚಿಂಗ್ ಪುಡಿ ಎರಚಿದ ಮನೆಯಲ್ಲಿ ಕ್ಲೋರಿನ್ ವಾಸನೆ ನಿಲ್ಲುತ್ತದೆ. ಗಂಟಲಿಗೂ ಆಗದು, ಗಿಟಾರ್ ತಂತಿ, ಜ್ಯಾಕ್, ಸಿಂಬಲ್‌ಗೂ ಆಗದು, ಎರಡು ದಿನಕ್ಕೆ ತಂತಿ ತುಕ್ಕು ಹಿಡಿಯುತ್ತದೆ. ಔಷಧಿ ಹೊಡೆದ ಮೇಲೇ ಮನೆ ಸಿಗುವುದಾದರೆ ತೊಳೆದು, ಬಾಗಿಲು ಕಿಟಕಿ ತೆರೆದು ಒಣಗಿಸಿದ ನಂತರವೇ ಸಾಮಾನು ಒಳಗಿಡಿ. ಆದರೆ ಆಗ ನೀವು ಕಾಲಿಟ್ಟದ್ದಕ್ಕೆ ಮಾಲೀಕರು ಮತ್ತೊಮ್ಮೆ ಔಷಧಿ ಹೊಡೆಯಬೇಕಾಗುತ್ತದೆ, ಅದರ ಖರ್ಚು ನಿಮ್ಮದು.

ಮೂರು ಕಟ್ಟುಪಾಡು. ಒಂದು, ಒಳಗೆ ಬೀಡಿ ಸಿಗರೇಟು ಹಚ್ಚುವಂತಿಲ್ಲ. ತಂಬಾಕಿನ ನಿಕೋಟಿನ್ ಹುಳುವಿಗೆ ವಿಷ. ಹೆಸರಲ್ಲಿ 'ಸ್ಟೋನರ್' ಇದೆ ಅಂತ ಹೊಗೆಯ ವೇಷ ಕಟ್ಟುವವರು ಇದನ್ನು ಎರಡು ಸಲ ಓದಿ. ಗಾಂಜಾ ಮಾತಂತೂ ಬೇಡ, 1985ರ ಮಾದಕ ವಸ್ತು ಕಾಯ್ದೆ ಇದೆ. ಎರಡು, ಸೊಳ್ಳೆ ಬತ್ತಿ, ಸೊಳ್ಳೆ ಸ್ಪ್ರೇ ಬೇಡ. ಸೊಳ್ಳೆ ಕೊಲ್ಲುವ ಔಷಧಿ ರೇಷ್ಮೆ ಹುಳುವನ್ನೂ ಕೊಲ್ಲುತ್ತದೆ, ಗೋಡೆಯಲ್ಲಿ ಕೂತ ಅಂಶ ಮುಂದಿನ ಬೆಳೆಗೆ ತಗಲುತ್ತದೆ. ಸೊಳ್ಳೆ ಪರದೆ, ತುಂಬು ತೋಳಿನ ಅಂಗಿ ಸಾಕು. ಮೂರು, ಕಿಟಕಿಗೆ ಹೊಡೆದ ನೈಲಾನ್ ಬಲೆಯನ್ನು ಕೇಬಲ್ ಎಳೆಯಲು ಹರಿಯಬೇಡಿ. ಅದು ರೇಷ್ಮೆ ಹುಳುವಿಗೆ ಕಂಟಕವಾದ ಊಜಿ ನೊಣ ತಡೆಯಲು ಇರುವುದು. ಒಂದು ತೂತು ಬಿದ್ದರೂ ಮಾಲೀಕರಿಗೆ ಒಂದು ಬೆಳೆಯೇ ಹೋಗಬಹುದು. ಕೇಬಲ್‌ಗಳೆಲ್ಲ ಒಂದೇ ಬಾಗಿಲಿನ ಕೆಳಗೆ ಹೋಗಲಿ.

ಪಕ್ಕದ ಮನೆಯಲ್ಲಿ ಹುಳು ಹಣ್ಣಾಗಿ ಚಂದ್ರಿಕೆಗೆ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ) ಬಿಡುವ ದಿನಗಳಿದ್ದರೆ ತಾರೀಕು ಮುಂದಕ್ಕೆ ಹಾಕಿ. ಆ ದಿನ ಅವರ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ, ನಿಮ್ಮ ಬೇಸ್ ಕೇಳುವ ತಾಳ್ಮೆಯೂ ಇರುವುದಿಲ್ಲ.

ಕೋಣೆಯ ಲೆಕ್ಕ

ಗಿಟಾರ್‌ನ ದಪ್ಪ ತಂತಿಯನ್ನು ಸಿ ಸ್ವರಕ್ಕೆ ಇಳಿಸಿದರೆ ಅದರ ಕಂಪನ 65.4 ಹರ್ಟ್ಸ್. ಆ ಅಲೆಯ ಅರ್ಧ ಉದ್ದ ಸುಮಾರು 8.6 ಅಡಿ. ಅಂದರೆ ಎಂಟೂವರೆ ಅಡಿ ಅಗಲದ ಕೋಣೆಯಲ್ಲಿ ಸಿ ಒಂದೇ ಗುಮ್ಮೆಂದು ಉಬ್ಬುತ್ತದೆ, ಪಕ್ಕದ ಸ್ವರಗಳು ಬಡವಾಗುತ್ತವೆ. ಹತ್ತು-ಹತ್ತು-ಹತ್ತು ಅಡಿಯ ಮನೆ ಕೋಣೆ ಇನ್ನೂ ಕೆಟ್ಟದ್ದು. ಉದ್ದ, ಅಗಲ, ಎತ್ತರ ಮೂರೂ 56 ಹರ್ಟ್ಸ್ ಹತ್ತಿರ ಒಟ್ಟಿಗೆ ಮೊಳಗುತ್ತವೆ, ಬೇಸ್ ಗಿಟಾರ್ ಎ ಸ್ವರ ಮುಟ್ಟಿದಾಗಲೆಲ್ಲ ಮಿಕ್ಸ್ ಕುಸಿಯುತ್ತದೆ. ಇದಕ್ಕೆ ಈಕ್ವಲೈಸರ್ (ಒಂದೊಂದು ಸ್ತರದ ಸದ್ದನ್ನು ಏರಿಸಿ ಇಳಿಸುವ ಸಾಧನ) ಮದ್ದಲ್ಲ. ಐವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಹುಳು ಮನೆಯಲ್ಲಿ ಈ ಅಳತೆಗಳು ಒಂದಕ್ಕೊಂದು ದೂರ. ಅಗಲದ ಮೊಳಗು 28 ಹರ್ಟ್ಸ್‌ಗೆ ಇಳಿದು ನಿಮ್ಮ ದಾರಿಗೆ ಅಡ್ಡ ಬರುವುದಿಲ್ಲ.

ಮೂಲೆಗಳಿಗೆ ರಾಗಿ ಹುಲ್ಲು ಹಾಕಿ. ಮೆಷಿನ್ನಲ್ಲಿ ಒತ್ತಿ ಕಟ್ಟಿದ ಬೇಲ್ ಸಿಕ್ಕರೆ ನಾಲ್ಕು ಮೂಲೆಗೂ ನೆಲದಿಂದ ತಲೆಯೆತ್ತರದವರೆಗೆ ಪೇರಿಸಿ. ಒಂದೂವರೆ ಅಡಿ ದಪ್ಪದ ಹುಲ್ಲು ಕೆಳಸ್ತರದ ಗುಮ್ಮನ್ನು ಎಳೆದುಕೊಳ್ಳುವಷ್ಟು ಕೆಲಸವನ್ನು ಒಂದಂಗುಲದ ಫೋಮ್ ಎಂದಿಗೂ ಮಾಡದು. ಮೊಟ್ಟೆ ಟ್ರೇ ಅಂಟಿಸುವುದು ಬರೀ ಶೋಕಿ, ಬೇಸ್ ಮೇಲೆ ಅದರ ಪರಿಣಾಮ ಶೂನ್ಯ. ಗೋಡೆಗೆ ಒರಗಿಸಿಟ್ಟ ಬಿದಿರಿನ ಚಂದ್ರಿಕೆಯೂ ಅಷ್ಟೇ, ಫೋಟೋಗೆ ಚೆಂದ, ಶಬ್ದ ಅದರ ಸಂದಿಯಲ್ಲಿ ನುಸುಳಿ ಹೋಗುತ್ತದೆ. ತುಮಕೂರು ಕಡೆಯವರಿಗೆ ತಿಪಟೂರಿನಿಂದ ತೆಂಗಿನ ನಾರಿನ ದಪ್ಪ ಮ್ಯಾಟ್ ಸುಲಭವಾಗಿ ಸಿಗುತ್ತದೆ, ಡ್ರಮ್ಸ್ ಹಿಂದಿನ ಗೋಡೆಗೆ ಅದು ಒಳ್ಳೆಯದು. ಹುಲ್ಲಿಗೂ ಟ್ಯೂಬ್ ಆಂಪ್‌ಗೂ (ಗಾಜಿನ ವಾಲ್ವ್‌ಗಳಿರುವ, ಬಿಸಿಯೇರುವ ಆಂಪ್ಲಿಫೈಯರ್) ನಾಲ್ಕು ಅಡಿ ಅಂತರ ಇರಲೇಬೇಕು. ಪಕ್ಕದಲ್ಲಿ ಎರಡು ಬಿಂದಿಗೆ ನೀರಲ್ಲ, ಒಣ ಮರಳಿನ ಬಕೆಟ್ ಇಡಿ. ಕರೆಂಟ್ ಇರುವ ಕಡೆ ನೀರು ಎರಚಬಾರದು. ಇಡೀ ಕೋಣೆಯನ್ನು ಹುಲ್ಲಿನಲ್ಲಿ ಮುಚ್ಚಿ ಸಾಯಿಸಬೇಡಿ. ಮೊಳಗು ಬೇಕೆಂದೇ ಇಲ್ಲಿಗೆ ಬಂದದ್ದು.

ಆಮೇಲೆ ಗಲಗಲ ಬೇಟೆ. ಬೇಸ್ ಆಂಪ್‌ಗೆ ಫೋನ್ ಸಿಕ್ಕಿಸಿ, ಟೋನ್ ಜನರೇಟರ್ ಆ್ಯಪ್‌ನಲ್ಲಿ 30 ಹರ್ಟ್ಸ್‌ನಿಂದ 200ರವರೆಗೆ ಒಂದು ನಿಮಿಷ ಹಿಡಿಯುವಷ್ಟು ನಿಧಾನ ಏರಿಸಿ. ಒಬ್ಬರು ಗುಂಡಿ ಹಿಡಿದರೆ ಇನ್ನೊಬ್ಬರು ಗೋಡೆ ಸುತ್ತ ಕೈಯಾಡಿಸುತ್ತ ನಡೆಯಬೇಕು. ಒಂದು ಕಡೆ ಶೀಟ್ ತುದಿ ಜಿರ್ ಅನ್ನುತ್ತದೆ, ಇನ್ನೊಂದು ಕಡೆ ಕಿಟಕಿ ಚಿಲಕ, ಮತ್ತೊಂದು ಕಡೆ ಟ್ಯೂಬ್‌ಲೈಟ್ ಪಟ್ಟಿ, ಸಾಕಣೆ ರ‍್ಯಾಕಿನ ಸಡಿಲ ಬೋಲ್ಟು. ಸಿಕ್ಕಿದ್ದಕ್ಕೆಲ್ಲ ಸೈಕಲ್ ಟ್ಯೂಬಿನ ತುಂಡು, ಗೋಣಿ ಚೂರು ಸಿಕ್ಕಿಸಿ. ಚಾವಣಿ ಶೀಟಿನ ಬೋಲ್ಟ್ ಬಿಗಿ ಮಾಡಲು ಮಾಲೀಕರನ್ನು ಕೇಳಿಯೇ ಹತ್ತಿ, ಸಿಮೆಂಟ್ ಶೀಟ್ ಮೇಲೆ ಕಾಲಿಟ್ಟರೆ ಒಡೆದು ಕೆಳಗೆ ಬೀಳುತ್ತೀರಿ. ಈ ಕೆಲಸಕ್ಕೆ ಅರ್ಧ ದಿನ ಹೋಗುತ್ತದೆ. ಬಿಟ್ಟರೆ ಇಡೀ ಆಲ್ಬಮ್ ತುಂಬ ಎಫ್ ಸ್ವರ ಬಂದಾಗಲೆಲ್ಲ ಚಿಲಕವೂ ಹಾಡುತ್ತದೆ.

ಶೀಟ್ ಮನೆಗೆ ತನ್ನದೇ ವೇಳಾಪಟ್ಟಿ ಇದೆ. ಬಿಸಿಲೇರುವಾಗ ಬೆಳಗ್ಗೆ, ಬಿಸಿಲಿಳಿಯುವಾಗ ಸಂಜೆ ತಗಡು ಹಿಗ್ಗಿ ಕುಗ್ಗಿ ಟಕ್ ಟಕ್ ಅನ್ನುತ್ತದೆ. ರಾತ್ರಿ ಜೀರುಂಡೆ. ಗಾಯನ, ಹಗುರ ಭಾಗಗಳನ್ನು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರೊಳಗೆ, ಜೋರಿನ ಭಾಗಗಳನ್ನು ಉಳಿದ ಹೊತ್ತಿಗೆ ಇಟ್ಟುಕೊಳ್ಳಿ. ರಾತ್ರಿ ಹತ್ತಕ್ಕೆ ಆಂಪ್ ಆಫ್. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಜನವಸತಿಗೆ ರಾತ್ರಿಯ ಮಿತಿ 45 ಡೆಸಿಬೆಲ್, ನಿಮ್ಮ ಡ್ರಮ್ಸ್ ಒಂದೇ ಅದನ್ನು ಸುಲಭವಾಗಿ ದಾಟುತ್ತದೆ. ಊರಲ್ಲಿ ಜಾತ್ರೆ, ಮದುವೆ ಇದ್ದರೆ ಮೈಕ್ ಸೆಟ್ಟಿನ ಎದುರು ನೀವು ಸೋಲುವುದು ಖಚಿತ. ಪಂಚಾಂಗ ನೋಡಿ ತಾರೀಕು ಹಿಡಿಯಿರಿ.

ಕರೆಂಟು

ಮೊದಲು ಮಲ್ಟಿಮೀಟರ್ ಹಿಡಿದು ಎರಡು ಅಳತೆ. ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 210ರಿಂದ 240 ವೋಲ್ಟ್ ಇರಬೇಕು. ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಎರಡು ಮೂರು ವೋಲ್ಟ್ ದಾಟಬಾರದು. ಐದರ ಮೇಲೆ ತೋರಿಸಿದರೆ ಅರ್ತ್ ಗುಂಡಿ ಒಣಗಿದೆ ಅಂತ ಅನುಮಾನಿಸಿ. ಎಲೆಕ್ಟ್ರಿಷಿಯನ್ ಕರೆಸಿ, ಉಪ್ಪು-ಇದ್ದಿಲಿನ ಆ ಗುಂಡಿಗೆ ನೀರು ಹಾಕಿ ಮತ್ತೆ ಅಳೆಯಿರಿ. ಕೋಲಾರ ಸೀಮೆಯ ಬೇಸಿಗೆಯಲ್ಲಿ ಇದು ಮಾಮೂಲಿ ರೋಗ. ಗುಂಯ್ ನಿಲ್ಲುತ್ತದೆಂದು ಪ್ಲಗ್‌ನ ಅರ್ತ್ ಪಿನ್ ಮುರಿಯುವ ಚಾಳಿ ಕೆಲವರಿಗಿದೆ. ಗಿಟಾರ್ ತಂತಿ ಹಿಡಿದ ಕೈ, ಮೈಕ್‌ಗೆ ತಾಗಿದ ತುಟಿ. ನಡುವೆ ಕರೆಂಟ್ ಹರಿಯಲು ಇನ್ನೇನು ಬೇಕು?

ಗುಂಯ್‌ನಲ್ಲೂ ಜಾತಿ ಇದೆ. ತಗ್ಗಿನ 50 ಹರ್ಟ್ಸ್ ಗುಂಯ್ ಬಂದರೆ ಅರ್ತ್ ಇಲ್ಲವೇ ಟ್ರಾನ್ಸ್‌ಫಾರ್ಮರ್ ಹತ್ತಿರದ ಪಿಕಪ್ ಕಾರಣ. ಗರಗರ ಅನ್ನುವ ಝೇಂಕಾರವಾದರೆ ಫ್ಯಾನ್ ರೆಗ್ಯುಲೇಟರ್, ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಅಥವಾ ಅಗ್ಗದ ಇನ್ವರ್ಟರ್. ಒಂದೊಂದೇ ಆಫ್ ಮಾಡುತ್ತ ಬನ್ನಿ. ಎಲ್ಲ ಆಂಪ್, ಲ್ಯಾಪ್‌ಟಾಪ್, ಇಂಟರ್ಫೇಸ್ (ಮೈಕ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಒಂದೇ ಸಾಕೆಟ್‌ನಿಂದ ಕವಲೊಡೆದ ಬೋರ್ಡಿಗೆ ಹೋಗಲಿ. ಎರಡು ಗೋಡೆಯ ಎರಡು ಸಾಕೆಟ್ ಬಳಸಿದರೆ ಅರ್ತ್ ಲೂಪ್ ಕಟ್ಟಿಟ್ಟದ್ದು.

ಸುತ್ತ ಪಂಪ್‌ಸೆಟ್‌ಗಳು ಶುರುವಾದಾಗ ವೋಲ್ಟೇಜ್ 190ಕ್ಕೆ ಬಿದ್ದರೆ ಟ್ಯೂಬಿನ 6.3 ವೋಲ್ಟಿನ ಹೀಟರ್‌ಗೆ 5.2 ಮಾತ್ರ ಸಿಗುತ್ತದೆ. ಸದ್ದು ಮೆತ್ತಗಾಗುತ್ತದೆ, ಬೆಳಗ್ಗೆ ತೆಗೆದ ಟೇಕ್‌ಗೂ ಮಧ್ಯಾಹ್ನದ್ದಕ್ಕೂ ಹೊಂದುವುದಿಲ್ಲ. ಸರ್ವೋ ಸ್ಟೆಬಿಲೈಸರ್ ಹಾಕಿ. ರಿಲೇ ಸ್ಟೆಬಿಲೈಸರ್ ಬೇಡ, ಅದರ ಟಕ್ ರೆಕಾರ್ಡಿಂಗ್‌ನಲ್ಲಿ ಕೂರುತ್ತದೆ. ಜನರೇಟರ್ ತರುವುದಾದರೆ ಶಾಮಿಯಾನದವರ ಬಳಿಯ 5 ಕೆವಿಎ ಧಾರಾಳ. ಎರಡು ಗಿಟಾರ್ ಆಂಪ್, ಬೇಸ್, ಕಂಪ್ಯೂಟರ್ ಸೇರಿದರೂ 2 ಕೆವಿಎ ದಾಟುವುದು ಅಪರೂಪ. ನೂರಡಿ ದೂರ, ತೋಟದ ಆಚೆ ನಿಲ್ಲಿಸಿ, 4 ಚದರ ಮಿಲಿಮೀಟರಿನ ಕೇಬಲ್ ಎಳೆಯಿರಿ, ಜನರೇಟರ್‌ನ ಮೈಗೂ ಅರ್ತ್ ಕೊಡಿ. ಶುರು ಮಾಡಿದ ಹತ್ತು ನಿಮಿಷ ಬರೀ ಬಲ್ಬ್ ಉರಿಸಿ, 230 ವೋಲ್ಟ್, 50 ಹರ್ಟ್ಸ್ ನಿಂತ ಮೇಲೆ ಆಂಪ್ ಸಿಕ್ಕಿಸಿ. ಈ ಸಂಗೀತಕ್ಕೂ ಜನರೇಟರ್‌ಗೂ ಹಳೇ ನಂಟು. ಕ್ಯಾಲಿಫೋರ್ನಿಯಾದ ಪಾಮ್ ಡೆಸರ್ಟ್‌ನ ಕಯಸ್ ತಂಡ ಬೆಳೆದದ್ದೇ ಮರುಭೂಮಿಯಲ್ಲಿ ಜನರೇಟರ್ ಇಟ್ಟು ನಡೆಸಿದ ಕೂಟಗಳಲ್ಲಿ.

ತಂತಿ ಮತ್ತು ಶ್ರುತಿ

ಸಾಮಾನ್ಯ ಶ್ರುತಿಗಿಂತ ನಾಲ್ಕು ಮೆಟ್ಟಿಲು ಇಳಿಸಿ: ದಪ್ಪ ತಂತಿಯಿಂದ ಸಿ, ಎಫ್, ಎ ಶಾರ್ಪ್, ಡಿ ಶಾರ್ಪ್, ಜಿ, ಸಿ. ಅಂಗಡಿಯಲ್ಲಿ ಸಿಗುವ 10-46 ಸೆಟ್ಟಿನಲ್ಲೇ (ತೆಳು ಮತ್ತು ದಪ್ಪ ತಂತಿಯ ಗಾತ್ರ, ಇಂಚಿನ ಸಾವಿರದ ಲೆಕ್ಕದಲ್ಲಿ) ಇದನ್ನು ಮಾಡಿದರೆ ದಪ್ಪ ತಂತಿಯ ಬಿಗಿ ಸುಮಾರು 8 ಕಿಲೋದಿಂದ 5ಕ್ಕೆ ಇಳಿಯುತ್ತದೆ, ತಂತಿ ಒದ್ದೆ ದಾರದಂತೆ ಜೋಲುತ್ತದೆ. ಮೀಟಿದ ಕ್ಷಣ ಸ್ವರ ಮೇಲೆ ಹಾರಿ ಆಮೇಲೆ ಕೆಳಗಿಳಿಯುತ್ತದೆ. ಎರಡು ಗಿಟಾರ್ ಒಟ್ಟಿಗೆ ಹಾಗೆ ಹಾರಿದರೆ ಕೇಳುವವರಿಗೆ ಅಪಶ್ರುತಿ. 12-60 ಸೆಟ್ ಹಾಕಿದರೆ ಬಿಗಿ ಮೊದಲಿನ ಹತ್ತಿರಕ್ಕೆ ಬರುತ್ತದೆ.

ದಪ್ಪ ತಂತಿ ಹಾಕಿದ ಮೇಲೆ ಮೂರು ಕೆಲಸ ಬಾಕಿ. ನಟ್‌ನ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕಿಂಡಿ ಸಣ್ಣದಾಗಿ ತಂತಿ ಸಿಕ್ಕಿಕೊಳ್ಳುತ್ತದೆ, ಶ್ರುತಿಯ ಗುಂಡಿ ತಿರುಗಿಸಿದಾಗ ಟಿಂಗ್ ಅಂದು ಸ್ವರ ಜಿಗಿಯುತ್ತದೆ. ಸಣ್ಣ ಅರದಲ್ಲಿ ಅಗಲ ಮಾಡಿ, ಆಳ ಮಾಡಬೇಡಿ. ಕುತ್ತಿಗೆಯ ಬಾಗು ನೋಡಿ ಟ್ರಸ್ ರಾಡ್ ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಕೊನೆಗೆ ಹನ್ನೆರಡನೇ ಫ್ರೆಟ್‌ನ ಸ್ವರ, ಅಲ್ಲಿನ ಹಾರ್ಮೋನಿಕ್ ಎರಡೂ ಒಂದಾಗುವವರೆಗೆ ಸ್ಯಾಡಲ್ ಹಿಂದೆ ಸರಿಸಿ.

ದಪ್ಪ ತಂತಿಯೇ ಶಾಸ್ತ್ರ ಅಂದುಕೊಳ್ಳಬೇಡಿ. ಬ್ಲ್ಯಾಕ್ ಸಬ್ಬಾತ್‌ನ ಟೋನಿ ಐಯೋಮಿ ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳೆದುಕೊಂಡವರು. ನೋವಾಗದಿರಲೆಂದು ತೆಳು ತಂತಿ ಹಿಡಿದು, 1971ರ ಹೊತ್ತಿಗೆ ಶ್ರುತಿಯನ್ನೂ ಮೂರು ಮೆಟ್ಟಿಲು ಇಳಿಸಿದರು. ಇಡೀ ಪ್ರಕಾರಕ್ಕೆ ದಾರಿಯಾದ ಸದ್ದು ಅದು. ಬೆರಳು ಹಗುರವಾಗಿ ಆಡುವವರಿಗೆ 11-54 ಕೂಡ ನಡೆಯುತ್ತದೆ.

ಬೇಸ್‌ಗೆ ಒಂದು ಅಗ್ಗದ ಉಪಾಯ: ಐದು ತಂತಿಯ ಸೆಟ್ ಕೊಂಡು, ತೆಳುವಾದ ಜಿ ತಂತಿ ಎತ್ತಿಟ್ಟು, ಉಳಿದ ನಾಲ್ಕನ್ನು ನಾಲ್ಕು ತಂತಿಯ ಬೇಸ್‌ಗೆ ಹಾಕಿ. 130ರ ಬಿ ತಂತಿ ಒಂದು ಮೆಟ್ಟಿಲು ಏರಿ ಸಿ ಆಗುತ್ತದೆ, ಬಿಗಿಯೂ ಗಟ್ಟಿ.

ಫಜ್

ಬಿಗ್ ಮಫ್ ಜಾತಿಯ ಫಜ್‌ನಲ್ಲಿ ನಡುಸ್ತರ ತಗ್ಗಿರುತ್ತದೆ. ಒಬ್ಬರೇ ಬಾರಿಸುವಾಗ ಗೋಡೆಯಂತಿದ್ದ ಸದ್ದು, ಡ್ರಮ್ಸ್ ಸೇರಿದ ಕೂಡಲೇ ಮಾಯ. ಆಂಪ್‌ನ ಮಿಡ್ ಗುಂಡಿಯನ್ನು ಏಳು-ಎಂಟಕ್ಕೆ ಏರಿಸಿ, ಬೇಸ್ ಗುಂಡಿಯನ್ನು ನಾಲ್ಕಕ್ಕೆ ಇಳಿಸಿ. ಫಜ್‌ನ ಸಸ್ಟೇನ್ ಅರ್ಧಕ್ಕಿಂತ ಕೆಳಗೆ. ಒಂದು ಸ್ವರ ಮೀಟಿ ಬಿಟ್ಟು ಕೇಳಿ. ಮೊದಲ ಪೆಟ್ಟು ಬೇರೆಯಾಗಿ, ಹಿಂದಿನ ಮೊರೆತ ಬೇರೆಯಾಗಿ ಕೇಳಿಸಿದರೆ ಸರಿ. ಎರಡೂ ಒಂದೇ ಮುದ್ದೆಯಾದರೆ ಇನ್ನೂ ಇಳಿಸಿ. ಕಡಿಮೆ ಅನಿಸಿದರೂ ಹೆದರಬೇಡಿ, ಅದೇ ರಿಫ್ಫನ್ನು (ಮತ್ತೆ ಮತ್ತೆ ಬರುವ ಗಿಟಾರ್ ಸಾಲು) ಇನ್ನೊಮ್ಮೆ ಬಾರಿಸಿ ಎಡಕ್ಕೊಂದು ಬಲಕ್ಕೊಂದು ಇಟ್ಟಾಗ ತೂಕ ಬರುತ್ತದೆ. ಒಂದೇ ಟೇಕ್ ನಕಲು ಮಾಡಿ ಎರಡು ಕಡೆ ಇಟ್ಟರೆ ಬರುವುದಿಲ್ಲ, ಕೈಯ ಸಣ್ಣ ವ್ಯತ್ಯಾಸವೇ ಅಗಲ ಕೊಡುವುದು.

ಜರ್ಮೇನಿಯಂ ಟ್ರಾನ್ಸಿಸ್ಟರಿನ ಹಳೇ ಮಾದರಿ ಫಜ್ ಇದ್ದರೆ ಏಪ್ರಿಲ್ ಮಧ್ಯಾಹ್ನ ಶೀಟಿನ ಕೆಳಗೆ ಇಡಬೇಡಿ. ಬಿಸಿಗೆ ಅದರ ಸೋರಿಕೆ ಕರೆಂಟು ಹೆಚ್ಚಿ, ಸ್ವರ ತೇಕುತ್ತ ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ. ಕೆಟ್ಟಿಲ್ಲ, ಬೆಂದಿದೆ. ನೆರಳಲ್ಲಿಡಿ, ಬೆಳಗ್ಗೆ ಬಳಸಿ.

ನಾಲ್ಕು ಸ್ಪೀಕರಿನ ಕ್ಯಾಬಿನೆಟ್ ತಾಲ್ಲೂಕಿನಲ್ಲಿ ಸಿಗುವುದಿಲ್ಲ, ಆದರೆ ಶಾಮಿಯಾನ ಅಂಗಡಿಯ ಹದಿನೈದು ಇಂಚಿನ ಬಾಕ್ಸ್ ಎಲ್ಲೆಲ್ಲೂ ಉಂಟು. ಬೇಸ್‌ಗೆ ಅದು ಸೊಗಸು. ಗಿಟಾರ್‌ಗೆ ಬಳಸುವುದಾದರೆ ಒಳಗಿನ ಹಾರ್ನ್‌ನ ವೈರ್ ಬಿಡಿಸಿ, ಇಲ್ಲವಾದರೆ ಫಜ್‌ನ ಕಿರುಚಾಟ ಕಿವಿ ಕೊಯ್ಯುತ್ತದೆ. ಓಮ್ಸ್ ನೋಡಿ ಸೇರಿಸಿ: ಎರಡು 8 ಓಮ್ ಬಾಕ್ಸ್ ಪ್ಯಾರಲಲ್ ಆದರೆ 4. ಸ್ಪೀಕರ್ ಸಿಕ್ಕಿಸದೆ ಟ್ಯೂಬ್ ಆಂಪ್ ಆನ್ ಮಾಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ನೂರು ವ್ಯಾಟ್ ಬೇಕಿಲ್ಲ, 15-20 ವ್ಯಾಟಿನ ಟ್ಯೂಬ್ ಆಂಪ್ ಮುಕ್ಕಾಲಿಗೆ ಏರಿಸಿದರೆ ಹುಳು ಮನೆ ತುಂಬುತ್ತದೆ.

ನಿಧಾನವಾಗಿ ಬಾರಿಸುವ ಕಷ್ಟ

ನಿಮಿಷಕ್ಕೆ 60 ಪೆಟ್ಟಿನ ವೇಗದಲ್ಲಿ ನಾಲ್ಕು ಪೆಟ್ಟಿನ ಒಂದು ಬಾರ್‌ಗೆ 4 ಸೆಕೆಂಡು. ನಾಲ್ಕು ಬಾರಿನ ರಿಫ್ 16 ಸೆಕೆಂಡು, ಎಂಟು ಸಲ ಬಾರಿಸಿದರೆ 2 ನಿಮಿಷ 8 ಸೆಕೆಂಡು. ಈ ಲೆಕ್ಕದಲ್ಲೇ ಹಾಡಿನ ಉದ್ದ ಕಟ್ಟಿ, ಐದು ಭಾಗವಿದ್ದರೆ ಹತ್ತು ನಿಮಿಷ ತಾನಾಗಿ ಆಗುತ್ತದೆ. ಡ್ರಮ್ಮರ್‌ಗಳು ತಪ್ಪುವುದು ಪೆಟ್ಟಿನಲ್ಲಲ್ಲ, ಪೆಟ್ಟಿನ ನಡುವೆ. ಖಾಲಿ ಜಾಗ ಭಯ ಹುಟ್ಟಿಸುತ್ತದೆ, ಕೈ ಮುಂದಕ್ಕೆ ಓಡುತ್ತದೆ, ಫಿಲ್ ಬಂದಾಗಲಂತೂ ದೌಡು. ಮೆಟ್ರೊನೋಮ್ (ತಾಳ ಎಣಿಸುವ ಯಂತ್ರ) ಕ್ಲಿಕ್ಕನ್ನು ಪೆಟ್ಟಿಗೆ ಎರಡರಂತೆ ಇಡಿ. ಕರ್ನಾಟಕ ಸಂಗೀತ ಕಲಿತವರು ತಂಡದಲ್ಲಿದ್ದರೆ ಎರಡು ಕಳೆ ಆದಿತಾಳ ಹಾಕುತ್ತ ರಿಫ್ ಹಾಡಿಸಿ. ಪ್ರತಿ ಕ್ರಿಯೆಯನ್ನು ಎರಡು ಸಲ ಹಾಕುವ ಆ ಅಭ್ಯಾಸ ನಿಧಾನವನ್ನು ಮೈಗೆ ಹತ್ತಿಸುವಷ್ಟು ಚೆನ್ನಾಗಿ ಮೆಟ್ರೊನೋಮ್ ಹತ್ತಿಸದು. ರೆಕಾರ್ಡಿಂಗ್‌ಗೆ ಕ್ಲಿಕ್ ಬೇಕೇಬೇಕೆಂದಿಲ್ಲ. ಸೋಲೋದಲ್ಲಿ ಮೂರು ನಾಲ್ಕು ಬಿಪಿಎಂ (ನಿಮಿಷಕ್ಕೆ ಪೆಟ್ಟು) ಏರಿ ರಿಫ್‌ಗೆ ಮರಳಿದಾಗ ಇಳಿದರೆ ಅದು ಉಸಿರಾಟ, ತಪ್ಪಲ್ಲ.

ಮೈಕ್ ಇಡುವುದು

ಡ್ರಮ್ಸ್, ಬೇಸ್, ಒಂದು ಗಿಟಾರ್ ಒಟ್ಟಿಗೆ ಒಂದೇ ಕೋಣೆಯಲ್ಲಿ ಬಾರಿಸಿ. ಗಿಟಾರ್ ಬಾಕ್ಸ್ ಡ್ರಮ್ಸ್‌ಗೆ ಬೆನ್ನು ಹಾಕಿರಲಿ, ನಡುವೆ ಎರಡು ಸಾಲು ಹುಲ್ಲು. ಡ್ರಮ್ಸ್‌ಗೆ ನಾಲ್ಕೇ ಮೈಕ್ ಸಾಕು: ಕಿಕ್‌ಗೊಂದು, ಸ್ನೇರ್‌ಗೊಂದು, ಮೇಲೊಂದು, ಫ್ಲೋರ್ ಟಾಮ್ ಪಕ್ಕದಲ್ಲೊಂದು. ಕೊನೆಯ ಎರಡಕ್ಕೂ ಸ್ನೇರ್‌ನ ನಡುಮಧ್ಯದಿಂದ ಸರಿಯಾಗಿ ಒಂದೇ ದೂರ, ಸುಮಾರು 40 ಇಂಚು, ದಾರ ಹಿಡಿದು ಅಳೆಯಿರಿ. ದೂರ ತಪ್ಪಿದರೆ ಸ್ನೇರ್ ಟೊಳ್ಳಾಗುತ್ತದೆ. ಐದನೇ ಮೈಕ್ ಉಳಿದರೆ ಅದೇ ಚಿನ್ನ: ಹದಿನೈದು ಅಡಿ ದೂರ, ಮೊಣಕಾಲೆತ್ತರದಲ್ಲಿ ಇಡಿ. ಶಬ್ದ ಅಲ್ಲಿಗೆ 13 ಮಿಲಿಸೆಕೆಂಡು ತಡವಾಗಿ ಮುಟ್ಟುತ್ತದೆ, ಆ ತಡವೇ ಕೋಣೆಯ ಗಾತ್ರ. ಮಿಕ್ಸ್‌ನಲ್ಲಿ ಅದನ್ನು ಹಿಂದಕ್ಕೆಳೆದು ಸರಿಹೊಂದಿಸಬೇಡಿ, ಜೋರಾಗಿ ಕಂಪ್ರೆಸ್ ಮಾಡಿ ಒಳಗೆ ಬೆರೆಸಿ. ಡ್ರಮ್ಸ್ ಕೆಳಗೆ ಜಮಖಾನ, ಕಿಕ್ ಒಳಗೆ ಒಂದೇ ಟವೆಲ್. ದಿಂಬು ತುರುಕಿ ಅದರ ಉಸಿರು ಕಟ್ಟಿಸಬೇಡಿ.

ಗಿಟಾರ್ ಸ್ಪೀಕರಿಗೆ ಎಸ್‌ಎಂ57 ಮೈಕ್, ಬಲೆಯಿಂದ ಅರ್ಧ ಅಂಗುಲ, ನಡುವಿನ ಗುಬುಟು ಮುಗಿದು ಕೋನ್ ಶುರುವಾಗುವ ಗೆರೆಯ ಮೇಲೆ. ಒಂದು ಅಂಗುಲ ಹೊರಕ್ಕೆ ಸರಿಸಿದರೆ ಸದ್ದು ಮಬ್ಬಾಗುತ್ತದೆ, ಒಳಕ್ಕೆ ಸರಿಸಿದರೆ ಚುಚ್ಚುತ್ತದೆ. ಈಕ್ವಲೈಸರ್ ಮುಟ್ಟುವ ಮುಂಚೆ ಈ ಒಂದಂಗುಲದಲ್ಲಿ ಹತ್ತು ನಿಮಿಷ ಕಳೆಯಿರಿ. ಪ್ರತಿ ಗಿಟಾರ್, ಬೇಸ್‌ನ ಶುದ್ಧ ಡಿಐ (ಆಂಪ್, ಮೈಕ್ ಇಲ್ಲದೆ ನೇರ ತಂತಿಯಲ್ಲಿ ಬರುವ) ಸಿಗ್ನಲ್ಲನ್ನೂ ಬೇರೆ ಟ್ರ್ಯಾಕ್‌ಗೆ ತೆಗೆದಿಡಿ. ಫಜ್ ಕೆಟ್ಟರೂ ಬಾರಿಸಿದ್ದು ಉಳಿಯುತ್ತದೆ.

24 ಬಿಟ್, 48 ಕಿಲೋಹರ್ಟ್ಸ್, ಜೋರಿನ ಪೆಟ್ಟು ಮೈನಸ್ 12 ಡೆಸಿಬೆಲ್ ಆಸುಪಾಸು. ಎಂಟು ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 69 ಎಂಬಿ. ನಲವತ್ತು ನಿಮಿಷದ ಆಲ್ಬಮ್, ಐದು ಟೇಕ್ ಅಂದರೆ 14 ಜಿಬಿ. ಪ್ರತಿ ರಾತ್ರಿ ಎರಡು ಡಿಸ್ಕಿಗೆ ನಕಲು, ಒಂದು ಡಿಸ್ಕ್ ಬೇರೆಯವರ ಚೀಲದಲ್ಲಿ.

ತಮಟೆ ಸೇರಿಸುವ ಆಸೆ ಈ ಸೀಮೆಯಲ್ಲಿ ಸಹಜ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ಆದರೆ ತಮಟೆಯ ಜೋರು ಮೇಲಿನ ಸ್ತರದಲ್ಲಿ, ಸಿಂಬಲ್ ಇರುವ ಜಾಗದಲ್ಲೇ. ಎರಡೂ ಒಟ್ಟಿಗೆ ಬಂದರೆ ಜಗಳ. ಸಿಂಬಲ್ ಬಿಟ್ಟ ಭಾಗಕ್ಕೆ ಇಡಿ, ಮೈಕ್ ಮೂರಡಿ ದೂರ. ತಮಟೆ ಕಾಯಿಸುವ ಬೆಂಕಿ ಹುಲ್ಲಿಂದ ದೂರ, ಹೊರಗೆ.

ಕನ್ನಡದಲ್ಲಿ ಹಾಡುವುದು

ಕನ್ನಡ ಈ ವೇಗಕ್ಕೆ ಹೇಳಿ ಮಾಡಿಸಿದ ಭಾಷೆ, ಪದ ಆರಿಸುವುದು ಗೊತ್ತಿದ್ದರೆ. "ಕೆರೆಯೆಲ್ಲ ಬತ್ತಿತು" ಎಂಬ ಸಾಲು ತೆಗೆದುಕೊಳ್ಳಿ. 'ಬತ್ತಿತು' ಮೂರೂ ಗಿಡ್ಡ ಅಕ್ಷರ, ಒತ್ತಕ್ಷರ ಉಸಿರು ಕತ್ತರಿಸುತ್ತದೆ, ಕೊನೆಯ 'ತು' ಫಜ್‌ನಲ್ಲಿ ಮುಳುಗುತ್ತದೆ. "ಬರಿದಾಯಿತೋ ಕೆರೆ" ಅಂದರೆ 'ದಾ' ಎರಡು ಪೆಟ್ಟು, 'ತೋ' ನಾಲ್ಕು ಪೆಟ್ಟು ನಿಲ್ಲುತ್ತದೆ. ಉದ್ದ ಹಿಡಿಯಬೇಕಾದ ಕಡೆ ಆ, ಓ, ಏ ಇರಲಿ. ಉ, ಇ ಬೇಡ. ವಸ್ತು ಹುಡುಕಲು ದೂರ ಹೋಗಬೇಕಿಲ್ಲ: ಸಾವಿರ ಅಡಿ ದಾಟಿದರೂ ಧೂಳೇ ಉಗುಳುವ ಬೋರ್‌ವೆಲ್, ಮೂರು ಕಿಲೋಮೀಟರಿಗೂ ಆಳ ಇಳಿದು 2001ರಲ್ಲಿ ಬಾಯಿ ಮುಚ್ಚಿದ ಕೋಲಾರದ ಚಿನ್ನದ ಗಣಿ. ಇಂಗ್ಲಿಷ್ ತಂಡಗಳ ಸೈತಾನನನ್ನು ಇಲ್ಲಿಗೆ ಕರೆತಂದರೆ ಅವನಿಗೇ ಮುಜುಗರ.

ಧ್ವನಿಯನ್ನು ಮಿಕ್ಸ್‌ನ ಮೇಲೆ ಕೂರಿಸಬೇಡಿ, ಗಿಟಾರ್‌ಗಳ ನಡುವೆ ನಿಲ್ಲಿಸಿ. ಪ್ಲೇಟ್ ರಿವರ್ಬ್ (ಕೃತಕ ಮೊಳಗು) ಎರಡೂವರೆ ಸೆಕೆಂಡು, ಪ್ರಿ-ಡಿಲೇ (ಮೊಳಗು ಶುರುವಾಗುವ ಮುಂಚಿನ ಬಿಡುವು) 50 ಮಿಲಿಸೆಕೆಂಡು. ಎಕೋ ಹಾಕುವುದಾದರೆ 60,000ವನ್ನು ಬಿಪಿಎಂನಿಂದ ಭಾಗಿಸಿ, ಬಂದದ್ದೇ ಒಂದು ಪೆಟ್ಟಿನ ಮಿಲಿಸೆಕೆಂಡು.

ಮಿಕ್ಸ್, ಮನೆ ಬಿಡುವುದು, ಬಿಡುಗಡೆ

ಮಿಕ್ಸ್‌ನಲ್ಲಿ ಮಾಡುವುದು ಕಡಿಮೆ. ಗಿಟಾರ್‌ನಲ್ಲಿ 70 ಹರ್ಟ್ಸ್ ಕೆಳಗಿನದ್ದು, 8 ಕಿಲೋಹರ್ಟ್ಸ್ ಮೇಲಿನದ್ದು ತೆಗೆಯಿರಿ, 250-300ರ ಕೆಸರು ಎರಡು ಡೆಸಿಬೆಲ್ ಇಳಿಸಿ. ಬೇಸ್ ಎರಡು ಪದರ: 200 ಹರ್ಟ್ಸ್ ಕೆಳಗೆ ಶುದ್ಧ ಡಿಐ, ಮೇಲೆ ಫಜ್ ಹಾಕಿದ ಆಂಪ್. ಮೈಕ್‌ನ ಟ್ರ್ಯಾಕ್ ಡಿಐಗಿಂತ ತಡವಾಗಿರುತ್ತದೆ, ಒಂದಡಿಗೆ ಸುಮಾರು 0.9 ಮಿಲಿಸೆಕೆಂಡು. ಇಲ್ಲಿ ಮಾತ್ರ ಸರಿಸಿ ಹೊಂದಿಸಿ. ಬೇಸ್‌ನ ಸಿ 32.7 ಹರ್ಟ್ಸ್. ಫೋನ್, ಆಟೋ ಸ್ಪೀಕರ್ ಅದನ್ನು ಹೇಳಲಾರವು, ಅಲ್ಲಿ ಕೇಳಿಸುವುದು ಮೇಲಿನ ಪದರ. ಅದಿಲ್ಲದ ಬೇಸ್ ಇದ್ದೂ ಇಲ್ಲದ ಹಾಗೆ. ಮಾಸ್ಟರ್ (ಕೊನೆಯ ಕಡತ) ಮೈನಸ್ 12 ಲಫ್ಸ್ (ಒಟ್ಟು ಜೋರಿನ ಅಳತೆ) ಸುತ್ತ, ಟ್ರೂ ಪೀಕ್ (ಅತಿ ಎತ್ತರದ ಪೆಟ್ಟು) ಮೈನಸ್ 1 ಡೆಸಿಬೆಲ್. ಇನ್ನೂ ಹಿಂಡಿದರೆ ಪೆಟ್ಟಿನ ನಡುವಿನ ಜಾಗ ಉಬ್ಬಿ ಮುಚ್ಚಿಹೋಗುತ್ತದೆ. ಇಷ್ಟೆಲ್ಲ ಕಷ್ಟಪಟ್ಟದ್ದು ಆ ಜಾಗಕ್ಕೇ.

ಹುಳು ಮನೆ ವಾಪಸ್ ಕೊಡುವಾಗ ಹುಲ್ಲಿನ ಒಂದು ಕಡ್ಡಿಯೂ ಉಳಿಯಬಾರದು, ಟೇಪ್ ಅಂಟು ಕೂಡ. ಗುಡಿಸಿ, ತೊಳೆದು, ಔಷಧಿ ಹೊಡೆಯುವ ದಿನ ತಂಡದ ಇಬ್ಬರು ಹೋಗಿ ಕೈಜೋಡಿಸಿದರೆ ಮುಂದಿನ ಆಲ್ಬಮ್‌ಗೂ ಮನೆ ಸಿಕ್ಕಂತೆ.

ಕಲಾವಿದರೇ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಹಾಕುವುದು ಈ ಪ್ರಕಾರಕ್ಕೆ ವಾಡಿಕೆ. ಡಿಜಿಟಲ್ ಮಾರಾಟದಲ್ಲಿ ಅವರ ಪಾಲು ಶೇ. 15, ಕ್ಯಾಸೆಟ್, ಅಂಗಿಯಂಥ ಸಾಮಾನಿನಲ್ಲಿ ಶೇ. 10. ಹೊಸ ಖಾತೆಗೆ ಒಂದು ಹಾಡಿನ ಕಡತ 291 ಎಂಬಿ ಮೀರಬಾರದು. 24 ಬಿಟ್, 48 ಕಿಲೋಹರ್ಟ್ಸ್‌ನ ವೇವ್ ಕಡತ ನಿಮಿಷಕ್ಕೆ 17 ಎಂಬಿ ತಿನ್ನುವುದರಿಂದ ಹದಿನೇಳು ನಿಮಿಷದ ಹಾಡೇ ಸಿಕ್ಕಿಕೊಳ್ಳುತ್ತದೆ. ಫ್ಲ್ಯಾಕ್ (ಗಾತ್ರ ಕುಗ್ಗಿಸುವ ಕಡತ ಬಗೆ) ಮಾಡಿ ಹಾಕಿ, ಗುಣ ಒಂದಿಷ್ಟೂ ಹೋಗದು. ಹೆಸರು ಕನ್ನಡ ಲಿಪಿಯಲ್ಲೂ ಇರಲಿ, ಹುಡುಕುವವರಿಗಾಗಿ ಇಂಗ್ಲಿಷ್ ಅಕ್ಷರದಲ್ಲೂ ಇರಲಿ. ಮುಖಪುಟ ಚಿತ್ರ ಕನಿಷ್ಠ 1400 ಪಿಕ್ಸೆಲ್ ಚೌಕ.

ಕ್ಯಾಸೆಟ್ ಮಾಡಿಸುವುದಾದರೆ ಹಾಡುಗಳ ಸರದಿ ಈಗಲೇ ಯೋಚಿಸಿ. ಎರಡು ಬದಿಯ ಟೇಪ್ ಒಂದೇ ಉದ್ದ, ಆದ್ದರಿಂದ ಎ ಬದಿಗೆ 17 ನಿಮಿಷ, ಬಿ ಬದಿಗೆ 23 ಆದರೆ ಮೊದಲ ಬದಿಯ ಕೊನೆಗೆ ಆರು ನಿಮಿಷ ಬರೀ ಸುರ್ ಸದ್ದು. ದೊಡ್ಡ ಹಾಡು ಬಿ ಬದಿಗೆ ಒಂದೇ ಇರಲಿ, ಚಿಕ್ಕವೆರಡು ಮೂರು ಎ ಬದಿಗೆ, ವ್ಯತ್ಯಾಸ ಒಂದು ನಿಮಿಷದೊಳಗೆ. ಉಳಿಯುವ ಖಾಲಿ ಜಾಗ ಬಿ ಬದಿಯ ಕೊನೆಯಲ್ಲಿರಲಿ. ಎ ಬದಿಯಲ್ಲಿದ್ದರೆ ಕೇಳುವವರು ಮುಗಿಯಿತೆಂದು ಎದ್ದುಹೋಗುತ್ತಾರೆ.